ಹಳೆ ಆರ್ಕೇಡ್ ಮಾನಿಟರ್ ವೈರಿಂಗ್: ಟ್ಯೂಬ್ ಎಸೆಯುವ ಮೊದಲು ಇಷ್ಟು ನೋಡಿ

ಕಾಯಿನ್ ಹಾಕಿ ಆಡುವ ಹಳೆ ವಿಡಿಯೋ ಗೇಮ್ ಕ್ಯಾಬಿನೆಟ್‌ಗಳು ಬೆಂಗಳೂರಿನಲ್ಲಿ ಈಗಲೂ ಅಲ್ಲಲ್ಲಿ ಸಿಗುತ್ತವೆ. ಮುಚ್ಚಿಹೋದ ಪಾರ್ಲರ್‌ನ ಗೋಡೌನ್‌ನಿಂದಲೋ, ಗುಜರಿಯಿಂದಲೋ, ಯಾರದೋ ಮನೆಯ ಮೆಟ್ಟಿಲ ಕೆಳಗಿನಿಂದಲೋ ಹೊರಗೆ ಬರುತ್ತವೆ. ಮಾರುವವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಗೇಮ್ ಓಡ್ತಿದೆ ಸಾರ್, ಟ್ಯೂಬ್ ಹೋಗಿದೆ ಅಷ್ಟೇ." ಮನೆಗೆ ತಂದ ಮೇಲೆ ಯಾರಾದರೂ ಸಲಹೆ ಕೊಡುತ್ತಾರೆ, ಆ ದಪ್ಪ ಡಬ್ಬ ಕಿತ್ತು ಎಲ್‌ಸಿಡಿ ಹಾಕಿಬಿಡಿ ಅಂತ.

ಆತುರ ಬೇಡ. ಪಿಕ್ಚರ್ ಟ್ಯೂಬ್ ಅಷ್ಟು ಸುಲಭಕ್ಕೆ ಸಾಯುವ ವಸ್ತು ಅಲ್ಲ. ಚಿತ್ರ ಬರದ ಮಾನಿಟರ್‌ಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ವೈರು, ಕನೆಕ್ಟರ್, ಸೋಲ್ಡರ್ ಜಾಯಿಂಟ್. ಅದರಲ್ಲೂ ಹಿಂದೆ ಯಾರೋ ಮಾಡಿದ ರಿಪೇರಿಯೇ ಈಗಿನ ತೊಂದರೆ ಆಗಿರುವುದು ಜಾಸ್ತಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್, ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ, ಕತ್ತರಿಸಿ ಬಿಟ್ಟ ಅರ್ಥಿಂಗ್. ಇವನ್ನು ಸರಿಮಾಡದೆ ಹೊಸ ಬೋರ್ಡ್ ಹಾಕಿದರೆ ಅದೂ ಸುಡುತ್ತದೆ.

ಇಲ್ಲಿ ಹೇಳುವುದು 1980 ಮತ್ತು 90ರ ದಶಕದ ಬಣ್ಣದ ಮಾನಿಟರ್‌ಗಳ ಬಗ್ಗೆ. ಒಳಗಡೆ ಇದು ಹೆಚ್ಚುಕಡಿಮೆ ಟಿವಿಯೇ, ಟ್ಯೂನರ್ ಮತ್ತು ಸ್ಪೀಕರ್ ಇಲ್ಲ ಅಷ್ಟೇ. ಗೇಮ್ ಬೋರ್ಡ್‌ನಿಂದ ಕೆಂಪು, ಹಸಿರು, ನೀಲಿ ಸಿಗ್ನಲ್ ಬೇರೆ ಬೇರೆ ವೈರಿನಲ್ಲಿ ನೇರವಾಗಿ ಬರುತ್ತದೆ. ಪರದೆಯ ಮೇಲೆ ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆ ಎಳೆಯುತ್ತದೆ, ಹಳೆ ಟಿವಿಯ ಹಾಗೇ. ಹಾಗಾಗಿ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರ ಪರಿಚಯ ಇದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ಒಂದು ಕಾಲಕ್ಕೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು. ಈ ಕೆಲಸ ಬಲ್ಲ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ, ಹುಡುಕಬೇಕು.

ಸೋಲ್ಡರಿಂಗ್, ಮಲ್ಟಿಮೀಟರ್ ಎರಡೂ ಅಭ್ಯಾಸ ಇಲ್ಲದವರು ಇದನ್ನು ಮೊದಲ ಪಾಠವಾಗಿ ಆರಿಸಿಕೊಳ್ಳಬೇಡಿ. ಓದಿಕೊಳ್ಳಿ, ಬಲ್ಲವರನ್ನು ಕೂರಿಸಿಕೊಂಡು ಮಾಡಿ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಕ್ಯಾಬಿನೆಟ್ ಮೇಲೆ ಇಡಿ. ಗಡಿಯಾರ, ಉಂಗುರ, ಕಡಗ ತೆಗೆಯಿರಿ. ಕಣ್ಣಿಗೆ ಕನ್ನಡಕ, ಕಾಲಿಗೆ ರಬ್ಬರ್ ಚಪ್ಪಲಿ ಅಥವಾ ಶೂ. ಮನೆಯಲ್ಲಿ ಇನ್ನೊಬ್ಬರು ಇರಲಿ.

ಟ್ಯೂಬಿನ ಬೆನ್ನ ಮೇಲೆ ರಬ್ಬರ್ ಮುಚ್ಚಳ ಕಾಣುತ್ತದೆ. ಅದರಿಂದ ದಪ್ಪ ವೈರ್ ಎಲ್‌ಒಟಿಗೆ (ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಭಾಗ) ಹೋಗುತ್ತದೆ. ಅದೇ ಆನೋಡ್. ಓಡುವಾಗ ಅಲ್ಲಿ 20,000ದಿಂದ 25,000 ವೋಲ್ಟ್ ಇರುತ್ತದೆ. ಟ್ಯೂಬಿನ ಗಾಜೇ ಕೆಪಾಸಿಟರ್ ಥರ ಕೆಲಸ ಮಾಡುವುದರಿಂದ, ಆಫ್ ಮಾಡಿ ಎಷ್ಟೋ ಹೊತ್ತಾದರೂ ಚಾರ್ಜ್ ಉಳಿದಿರಬಹುದು.

ಅದನ್ನು ಇಳಿಸುವುದು ಹೀಗೆ. ಒಳ್ಳೆಯ ಪ್ಲಾಸ್ಟಿಕ್ ಹಿಡಿ ಇರುವ ಉದ್ದ ಚಪ್ಪಟೆ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಅದರ ಲೋಹದ ಭಾಗಕ್ಕೆ ಒಂದು ವೈರಿನ ಕ್ರೊಕೊಡೈಲ್ ಕ್ಲಿಪ್ ಹಾಕಿ. ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಅಡ್ಡಲಾಗಿ ಬಿಗಿದಿರುವ ಹೆಣೆದ ಬರೀ ತಂತಿಗೆ ಸಿಕ್ಕಿಸಿ. ಗ್ರೌಂಡ್ ತಾನೇ ಅಂತ ಬೋರ್ಡ್‌ನ ಯಾವುದೋ ಜಾಗಕ್ಕೆ ಹಾಕಬೇಡಿ, ಐಸಿ ಹೋಗುತ್ತದೆ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ರಬ್ಬರ್ ಮುಚ್ಚಳದ ಅಡಿಗೆ ನಿಧಾನ ತೂರಿಸಿ, ಒಳಗಿನ ಲೋಹಕ್ಕೆ ಮುಟ್ಟಿಸಿ. ಟಪ್ ಅಂತ ಸದ್ದು ಬರಬಹುದು, ಬಾರದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಏಕೆಂದರೆ ಗಾಜಿನಲ್ಲಿ ಉಳಿದ ಚಾರ್ಜ್ ಸ್ವಲ್ಪ ಸ್ವಲ್ಪವಾಗಿ ಮತ್ತೆ ಸೇರುತ್ತದೆ.

ಶಾಕ್ ಹೊಡೆದಾಗ ಕೈ ತಾನಾಗಿ ಹಿಂದಕ್ಕೆ ಹಾರುತ್ತದಲ್ಲ, ಅದೂ ಒಂದು ಅಪಾಯವೇ. ಕೈ ಹೋಗಿ ಟ್ಯೂಬಿನ ಕುತ್ತಿಗೆಗೆ ಬಡಿದರೆ ಗಾಜು ಮುರಿದು ಗಾಳಿ ನುಗ್ಗುತ್ತದೆ, ಟ್ಯೂಬ್ ಕಥೆ ಮುಗಿಯಿತು. ಟ್ಯೂಬನ್ನು ಎಂದೂ ಕುತ್ತಿಗೆ ಹಿಡಿದು ಎತ್ತಬೇಡಿ.

ಎಲ್ಲರೂ ಆನೋಡ್‌ಗೆ ಹೆದರುತ್ತಾರೆ, ಪವರ್ ಭಾಗದ ದೊಡ್ಡ ಕೆಪಾಸಿಟರ್ ಮರೆಯುತ್ತಾರೆ. 230 ವೋಲ್ಟ್ ನೇರವಾಗಿ ರೆಕ್ಟಿಫೈ ಆದರೆ ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತದೆ. 220 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಆದರೆ ತುಂಬಿರುವ ಶಕ್ತಿ 11 ಜೌಲ್‌ಗೂ ಜಾಸ್ತಿ, ಟ್ಯೂಬಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು. ಮೊದಲು ಮೀಟರ್‌ನಲ್ಲಿ ಅಳೆಯಿರಿ. ವೋಲ್ಟ್ ಉಳಿದಿದ್ದರೆ 10 ವ್ಯಾಟ್‌ನ 2.2 ಕಿಲೋಓಮ್ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಇಕ್ಕಳದಲ್ಲಿ ಹಿಡಿದು ಎರಡೂ ಕಾಲಿಗೆ ಕೆಲವು ಸೆಕೆಂಡ್ ಮುಟ್ಟಿಸಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಶೋಕಿ ಬೇಡ.

ಎಸ್‌ಪಿ ರೋಡ್‌ಗೆ ಹೋಗುವಾಗ

ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ. ಸಾಮಾನು ಮೊದಲೇ ತರಬೇಡಿ. ಪ್ಲಗ್ ಕಿತ್ತ ಕ್ಯಾಬಿನೆಟ್ ಬಿಚ್ಚಿ, ಏನೇನು ಹಾಳಾಗಿದೆ ನೋಡಿ, ಸುಟ್ಟ ಕನೆಕ್ಟರ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದನ್ನು ಕೌಂಟರ್ ಮೇಲಿಟ್ಟರೆ ಅಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ. ಟೌನ್ ಹಾಲ್ ಕಡೆಯಿಂದ ನಡೆದು ಹೋಗಬಹುದು. ಕಾರು ತೆಗೆದುಕೊಂಡು ಹೋಗುವವರಿಗೆ ದೇವರೇ ಗತಿ.

ಮಾನಿಟರ್ ಬೋರ್ಡ್‌ಗಳಲ್ಲಿ ಪವರ್, ಯೋಕ್ (ಟ್ಯೂಬಿನ ಕುತ್ತಿಗೆಗೆ ಹಾಕಿದ ತಾಮ್ರದ ಸುತ್ತು) ಕಡೆ ಸಾಮಾನ್ಯವಾಗಿ 3.96 ಮಿ.ಮೀ. ಪಿಚ್‌ನ ದಪ್ಪ ಪಿನ್ ಇರುತ್ತದೆ. ವಿಡಿಯೋ ಕಡೆ ಕೆಲವದರಲ್ಲಿ 2.54 ಮಿ.ಮೀ. ಇರುತ್ತದೆ. ಅದಕ್ಕೆ ರೆಲಿಮೇಟ್ ಅಂತ ಕೇಳಿದರೆ ಕೊಡುತ್ತಾರೆ. ಹೌಸಿಂಗ್ ಜೊತೆ ಒಳಗಿನ ಕ್ರಿಂಪ್ ಟರ್ಮಿನಲ್‌ಗಳನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ತನ್ನಿ, ಮೊದಮೊದಲು ಹಾಳಾಗುವುದೇ ಹೆಚ್ಚು. ಮೇನ್ಸ್‌ಗೆ 40/36 ವೈರ್, ವಿಡಿಯೋ ಸಿಗ್ನಲ್‌ಗೆ 7/36 ಸಾಕು. ಈ ಲೆಕ್ಕದಲ್ಲಿ ಮೊದಲ ಸಂಖ್ಯೆ ಎಳೆಗಳದ್ದು, ಎರಡನೆಯದು ಗೇಜ್. 60/40 ಸೋಲ್ಡರ್, ಡಿಸೋಲ್ಡರ್ ಪಂಪ್, 25 ವ್ಯಾಟ್ ಐರನ್, ಬೇರೆ ಬೇರೆ ಅಳತೆಯ ಹೀಟ್ ಶ್ರಿಂಕ್ ಸ್ಲೀವ್, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಬಾಟಲಿ, ಗಾಜಿನ ಫ್ಯೂಸ್‌ಗಳು. ಇನ್ಸುಲೇಶನ್ ಟೇಪ್ ಬೇಡ. ಮಾನಿಟರ್ ಬಿಸಿಗೆ ಅಂಟು ಕರಗಿ ಟೇಪ್ ಜಾರುತ್ತದೆ, ಜಾಯಿಂಟ್ ಬೆತ್ತಲಾಗುತ್ತದೆ.

ಇನ್ನೊಂದು ಸಾಮಾನು ಮನೆಯಲ್ಲೇ ಮಾಡಿಕೊಳ್ಳಿ: ಸೀರೀಸ್ ಲ್ಯಾಂಪ್ ಬೋರ್ಡ್. ಮಾನಿಟರ್‌ನಲ್ಲಿ ಶಾರ್ಟ್ ಇದ್ದರೆ ಈ ಬಲ್ಬ್ ಉರಿದು ಕರೆಂಟ್ ತಡೆಯುತ್ತದೆ. 100 ವ್ಯಾಟ್‌ನ ಹಳೆ ಫಿಲಮೆಂಟ್ ಬಲ್ಬ್, ಒಂದು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರ್ ಬಲ್ಬ್ ಮೂಲಕ ಹಾದು ಸಾಕೆಟ್‌ಗೆ ಬರಬೇಕು. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಈಗ ಫಿಲಮೆಂಟ್ ಬಲ್ಬ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಾಗ ಎರಡು ತಂದಿಟ್ಟುಕೊಳ್ಳಿ.

ಮೊದಲು ಮೇನ್ಸ್

ಯಾವ ವೈರ್ ಬಿಚ್ಚುವ ಮೊದಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಪ್ರತಿ ಪ್ಲಗ್‌ಗೂ ಪೇಪರ್ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಆಮೇಲೆ ಬ್ರಶ್ ಹಿಡಿದು ಧೂಳು ತೆಗೆಯಿರಿ. ಇಲಿ ಕಡಿದ ವೈರ್, ಕನೆಕ್ಟರ್ ಒಳಗೆ ಜಿರಳೆ ಹಿಕ್ಕೆ, ಗೆದ್ದಲು ತಿಂದ ಪ್ಲೈವುಡ್, ಎಲ್ಲ ಆಗ ಕಾಣುತ್ತದೆ. ತಿಂಗಳುಗಟ್ಟಲೆ ನಿಂತ ಕ್ಯಾಬಿನೆಟ್‌ನಲ್ಲಿ ಇವು ಇಲ್ಲದಿದ್ದರೆ ಆಶ್ಚರ್ಯ.

ಈಗ ಪ್ಲಗ್‌ನಿಂದ ಶುರು ಮಾಡಿ ಕರೆಂಟ್ ಬರುವ ದಾರಿಯಲ್ಲೇ ನಡೆಯಿರಿ. ಪ್ಲಗ್‌ನ ಅರ್ಥ್ ಪಿನ್ನಿಗೂ ಮಾನಿಟರ್‌ನ ಲೋಹದ ಫ್ರೇಮಿಗೂ ಕಂಟಿನ್ಯುಟಿ ನೋಡಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಫ್ರೇಮ್, ಕಾಯಿನ್ ಡೋರ್, ಕಂಟ್ರೋಲ್ ಪ್ಯಾನಲ್ ಲೋಹದ್ದಾಗಿದ್ದರೆ ಅದು, ಎಲ್ಲಕ್ಕೂ ಅರ್ಥಿಂಗ್ ಹೋಗಬೇಕು. ಮಕ್ಕಳು ಬರಿಗಾಲಲ್ಲಿ ನಿಂತು ಆಡುವ ವಸ್ತು ಇದು. ಮಿಕ್ಕಿದ್ದು ಹೇಗೇ ಇರಲಿ, ಈ ಒಂದು ವೈರ್ ವಿಷಯದಲ್ಲಿ ರಾಜಿ ಇಲ್ಲ.

ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಹಳೆ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಹೊಸ ಕಾರ್ಡ್‌ಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಅಮೆರಿಕದಿಂದ ಬಂದ ಕ್ಯಾಬಿನೆಟ್ ಆದರೆ ಕಪ್ಪು ಫೇಸ್, ಬಿಳಿ ನ್ಯೂಟ್ರಲ್! ಅಂದರೆ ನಮ್ಮವರು ನ್ಯೂಟ್ರಲ್ ಅಂದುಕೊಳ್ಳುವ ಕಪ್ಪು ವೈರಿನಲ್ಲೇ ಅಲ್ಲಿ ಕರೆಂಟ್ ಇರುತ್ತದೆ. ಮಧ್ಯದಲ್ಲಿ ಇಲ್ಲಿನ ಎಲೆಕ್ಟ್ರಿಷಿಯನ್ ಜಾಯಿಂಟ್ ಹಾಕಿದ್ದರೆ ಬಣ್ಣಕ್ಕೆ ಅರ್ಥವೇ ಇಲ್ಲ. ಮೀಟರ್ ಹಿಡಿದು ತುದಿಯಿಂದ ತುದಿಗೆ ನೋಡಿ. ಫ್ಯೂಸ್ ಮತ್ತು ಸ್ವಿಚ್ ಫೇಸ್ ಮೇಲೇ ಇರಬೇಕು.

ಫ್ಯೂಸ್ ಹೋಲ್ಡರ್‌ನಲ್ಲಿ ತಂತಿ ಸುತ್ತಿದ್ದರೆ ಕಿತ್ತುಹಾಕಿ. ಬೋರ್ಡ್ ಮೇಲೆ ಬರೆದಿರುವ ಆಂಪಿಯರ್‌ನದೇ ಫ್ಯೂಸ್ ಹಾಕಿ. ಮೇನ್ಸ್ ಜಾಯಿಂಟ್‌ಗಳನ್ನು ಪೂರ್ತಿ ತೆಗೆದು ಒಂದೇ ತುಂಡು ಹೊಸ ವೈರ್ ಎಳೆಯುವುದು ಒಳ್ಳೆಯದು. ಅಲ್ಲಲ್ಲಿ ತೇಪೆ ಹಾಕುವುದರಲ್ಲಿ ಉಳಿತಾಯ ಏನೂ ಇಲ್ಲ.

ಟ್ರಾನ್ಸ್‌ಫಾರ್ಮರ್ ಬಗ್ಗೆ ಸ್ವಲ್ಪ ಜಾಸ್ತಿ

ಇದನ್ನು ಬಿಡಿಸಿ ಹೇಳಲೇಬೇಕು. ಬಹಳಷ್ಟು ಹಳೆ ಆರ್ಕೇಡ್ ಮಾನಿಟರ್‌ಗಳಲ್ಲಿ ಪವರ್ ಭಾಗಕ್ಕೂ ಮೇನ್ಸ್‌ಗೂ ನಡುವೆ ಬೇಲಿ ಇರುವುದಿಲ್ಲ. ಮೇನ್ಸ್ ನೇರವಾಗಿ ಬ್ರಿಡ್ಜ್ ರೆಕ್ಟಿಫೈಯರ್‌ಗೆ ಹೋಗುತ್ತದೆ. ಆಗ ಮಾನಿಟರ್ ಬೋರ್ಡ್‌ನ ಗ್ರೌಂಡ್ ಅಂತ ನಾವು ಕರೆಯುವುದು ನಿಜವಾದ ಭೂಮಿಯ ಮಟ್ಟದಲ್ಲಿ ಇರುವುದೇ ಇಲ್ಲ, ಅದರಲ್ಲೇ ಶಾಕ್ ಹೊಡೆಯುತ್ತದೆ. ಇನ್ನೊಂದು ಕಡೆ ಗೇಮ್ ಬೋರ್ಡ್‌ನ ಗ್ರೌಂಡ್ ಎಸ್‌ಎಂಪಿಎಸ್ (ಗೇಮ್ ಬೋರ್ಡ್‌ಗೆ ಕರೆಂಟ್ ಕೊಡುವ ಸ್ವಿಚಿಂಗ್ ಸಪ್ಲೈ) ಮೂಲಕ ಅರ್ಥಿಂಗ್‌ಗೆ ಸೇರಿರುತ್ತದೆ. ವಿಡಿಯೋ ಪ್ಲಗ್ ಹಾಕಿದ ಕೂಡಲೇ ಎರಡೂ ಸೇರಿ ಫ್ಯೂಸ್, ರೆಕ್ಟಿಫೈಯರ್, ಕೆಲವೊಮ್ಮೆ ಗೇಮ್ ಬೋರ್ಡ್ ಕೂಡ ಹಾರಿಹೋಗುತ್ತದೆ. ಇದಕ್ಕಾಗಿಯೇ ಕ್ಯಾಬಿನೆಟ್ ತಳದಲ್ಲಿ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಟ್ಟಿರುತ್ತಾರೆ. ಭಾರ ಅಂತಲೋ, ಏನು ಅಂತ ಗೊತ್ತಾಗದೆಯೋ ಅದನ್ನು ಯಾರಾದರೂ ತೆಗೆದಿರುವ ಸಾಧ್ಯತೆ ಇದೆ.

ಅಮೆರಿಕದ ಮಾನಿಟರ್ ಆದರೆ 110ರಿಂದ 120 ವೋಲ್ಟ್ ಬೇಕು, ಜಪಾನಿನದಾದರೆ 100 ವೋಲ್ಟ್. ಅಂಗಡಿಯಲ್ಲಿ ಸಂಭಾಷಣೆ ಹೆಚ್ಚಾಗಿ ಹೀಗಿರುತ್ತದೆ:

"ಅಣ್ಣ, 230ರಿಂದ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇದ್ಯಾ?"

"ಇದೆ ಸಾರ್, ಕನ್ವರ್ಟರ್. ಮಿಕ್ಸಿಗಾ?"

ಮಿಕ್ಸಿಗೆ ಕೊಡುವುದು ಬಹುತೇಕ ಆಟೋಟ್ರಾನ್ಸ್‌ಫಾರ್ಮರ್. ವೋಲ್ಟ್ ಇಳಿಸುತ್ತದೆ, ಆದರೆ ಒಳಬರುವ ಮತ್ತು ಹೊರಹೋಗುವ ಸುತ್ತು ಒಂದೇ ತಾಮ್ರ. ಬೇರ್ಪಡಿಸುವುದಿಲ್ಲ. ನಮಗೆ ಬೇಕಾದ್ದು ಪ್ರೈಮರಿ, ಸೆಕೆಂಡರಿ ಎರಡೂ ಬೇರೆ ಬೇರೆ ಇರುವುದು. ಪರೀಕ್ಷೆ ಸುಲಭ: ಏನಕ್ಕೂ ಜೋಡಿಸದೆ, ಒಂದು ಪ್ರೋಬ್ ಇನ್‌ಪುಟ್ ವೈರಿಗೆ, ಇನ್ನೊಂದು ಔಟ್‌ಪುಟ್ ವೈರಿಗೆ ಇಟ್ಟು ಓಮ್ ನೋಡಿ. ಮೀಟರ್ ಏನೂ ತೋರಿಸಬಾರದು. ಕೆಲವೇ ಓಮ್ ತೋರಿಸಿದರೆ ಅದು ಆಟೋ, ವಾಪಸ್ ಕೊಡಿ. ರೆಡಿಮೇಡ್ ಸಿಗದಿದ್ದರೆ ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಆರ್ಡರ್ ಕೊಡಿ. 20 ಇಂಚಿನ ಮಾನಿಟರ್‌ಗೆ 200 ವಿಎ ಆರಾಮಾಗಿ ಸಾಕು. ಅಮೆರಿಕದ 60 ಹರ್ಟ್ಜ್‌ಗೆ ಸುತ್ತಿದ ಹಳೆ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಜ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಅದನ್ನೂ ಗಮನಿಸಿ. ಚಿತ್ರದ ವೇಗಕ್ಕೂ ಈ 50-60 ಜಗಳಕ್ಕೂ ಸಂಬಂಧ ಇಲ್ಲ. ಮಾನಿಟರ್ ಗೇಮ್ ಬೋರ್ಡ್ ಕೊಡುವ ಸಿಂಕ್ (ಗೆರೆ, ಚಿತ್ರ ಯಾವಾಗ ಶುರು ಅಂತ ಹೇಳುವ ಸಿಗ್ನಲ್) ಹಿಂದೆ ಹೋಗುತ್ತದೆ.

ಸ್ವಂತ ಸ್ವಿಚಿಂಗ್ ಸಪ್ಲೈ ಇರುವ ನಂತರದ ಕೆಲವು ಮಾನಿಟರ್‌ಗಳಿಗೆ ಹೊರಗಿನ ಟ್ರಾನ್ಸ್‌ಫಾರ್ಮರ್ ಬೇಡ. ಚಾಸಿಯ (ಮಾನಿಟರ್‌ನ ಮುಖ್ಯ ಬೋರ್ಡ್, ಅದರ ಚೌಕಟ್ಟು) ಸ್ಟಿಕ್ಕರ್ ಅಥವಾ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಅನುಮಾನ ಇದ್ದರೆ ಹಾಕಿಬಿಡಿ.

ಕನೆಕ್ಟರ್ ಮತ್ತು ಡ್ರೈ ಸೋಲ್ಡರ್

ಚಾಸಿಯನ್ನು ಹೊರಗೆ ತೆಗೆದು, ಬೋರ್ಡ್ ತಿರುಗಿಸಿ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಪಿನ್ನಿನ ಸುತ್ತ ಕೂದಲಿನಷ್ಟು ತೆಳ್ಳಗೆ ಉಂಗುರದಂತೆ ಬಿರುಕು ಕಂಡರೆ ಅದೇ ಡ್ರೈ ಸೋಲ್ಡರ್. ದಿನಾ ಬಿಸಿಯಾಗಿ ತಣ್ಣಗಾಗುವ ಜಾಗಗಳಲ್ಲಿ ಇದು ಜಾಸ್ತಿ: ಎಲ್‌ಒಟಿ ಕಾಲುಗಳು, ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್, ಪಕ್ಕದ ಚಿಕ್ಕ ಡ್ರೈವರ್ ಟ್ರಾನ್ಸ್‌ಫಾರ್ಮರ್, ಯೋಕ್ ಮತ್ತು ಪವರ್ ಪಿನ್‌ಗಳು, ಟ್ಯೂಬಿನ ಹಿಂದಿನ ಬೇಸ್ ಬೋರ್ಡ್. ಕ್ಯಾಬಿನೆಟ್ ತಟ್ಟಿದಾಗ ಚಿತ್ರ ಬಂದು ಹೋಗುವ ಮಾನಿಟರ್ ಆದರೆ ಇಲ್ಲೇ ಹುಡುಕಿ.

ಹಳೆ ಸೋಲ್ಡರ್ ಮೇಲೇ ಹೊಸದು ಬಳಿಯಬೇಡಿ. ಪಂಪ್‌ನಿಂದ ಹಳೆಯದು ಎಳೆದು, ಪಿನ್ ಉಜ್ಜಿ, ಹೊಸದಾಗಿ ಹಾಕಿ.

ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಹೌಸಿಂಗ್ ಕಂಡರೆ ಅಲ್ಲಿ ಕಾಂಟ್ಯಾಕ್ಟ್ ಸಡಿಲವಾಗಿ ಬಿಸಿಯಾಗಿದೆ ಅಂತ ಲೆಕ್ಕ. ಹೌಸಿಂಗ್, ಟರ್ಮಿನಲ್, ಬೋರ್ಡ್ ಮೇಲಿನ ಪಿನ್, ಮೂರನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆ ಕಪ್ಪು ಪಿನ್ ಹೊಸ ಟರ್ಮಿನಲನ್ನೂ ಸುಡುತ್ತದೆ. ಕನೆಕ್ಟರ್ ಕಿತ್ತು ವೈರನ್ನು ನೇರ ಬೋರ್ಡ್‌ಗೆ ಬೆಸೆದಿರುವುದೂ ಸಿಗುತ್ತದೆ. ಓಡುತ್ತದೆ ನಿಜ, ಮುಂದಿನ ಸಲ ಚಾಸಿ ತೆಗೆಯುವವರು ಶಾಪ ಹಾಕುತ್ತಾರೆ.

ಆ ಹೆಣೆದ ಬರೀ ತಂತಿ ನೆನಪಿದೆಯಲ್ಲ, ಟ್ಯೂಬಿನ ಬೆನ್ನ ಮೇಲಿನದು? ಅದರಿಂದ ಒಂದು ವೈರ್ ಬೇಸ್ ಬೋರ್ಡ್‌ನ ಗ್ರೌಂಡ್‌ಗೆ ಹೋಗಲೇಬೇಕು. ಯಾವುದಕ್ಕೋ ಬಿಟ್ಟ ತಂತಿ ಅಂದುಕೊಂಡು ಕಿತ್ತಿರುತ್ತಾರೆ. ಅದಿಲ್ಲದಿದ್ದರೆ ಟ್ಯೂಬಿನೊಳಗೆ ಸ್ಪಾರ್ಕ್ ಆದಾಗ ಆ ಕರೆಂಟ್ ವಿಡಿಯೋ ಟ್ರಾನ್ಸಿಸ್ಟರ್‌ಗಳ ಮೂಲಕ ದಾರಿ ಹುಡುಕುತ್ತದೆ.

ಆನೋಡ್ ವೈರ್ ಬಿರುಕು ಬಿಟ್ಟಿದ್ದರೆ ಟೇಪ್, ಸ್ಲೀವ್ ಯಾವುದೂ ಆಗದು. ಅದು ಎಲ್‌ಒಟಿ ಜೊತೆಗೇ ಬದಲಾಗಬೇಕು. ರಬ್ಬರ್ ಮುಚ್ಚಳದ ಅಡಿಯ ಗಾಜನ್ನು, ಡಿಸ್ಚಾರ್ಜ್ ಮಾಡಿದ ಮೇಲೆ, ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಮಳೆಗಾಲದಲ್ಲಿ ಚಿಟಿಚಿಟಿ ಸದ್ದು ಬರುವ ಮಾನಿಟರ್‌ಗೆ ಎಷ್ಟೋ ಸಲ ಇಷ್ಟೇ ಔಷಧಿ.

ಯೋಕ್

ಕುತ್ತಿಗೆಯ ಬುಡದಲ್ಲಿರುವ ತಾಮ್ರದ ಸುತ್ತು ಯೋಕ್. ನಾಲ್ಕು ವೈರ್, ಎರಡು ಜೋಡಿ. ಪ್ಲಗ್ ತೆಗೆದು ಓಮ್ ನೋಡಿ. ಹಾರಿಜಾಂಟಲ್ ಜೋಡಿ ಬಹಳ ಕಡಿಮೆ, ಸಾಮಾನ್ಯವಾಗಿ ಒಂದರಿಂದ ಮೂರು ಓಮ್ ಆಸುಪಾಸು. ವರ್ಟಿಕಲ್ ಜೋಡಿ ಅದಕ್ಕಿಂತ ಜಾಸ್ತಿ. ಒಂದು ಜೋಡಿ ಪೂರ್ತಿ ಓಪನ್ ತೋರಿಸಿದರೆ ಮೊದಲು ಪ್ಲಗ್‌ನ ಕ್ರಿಂಪ್ ಅನುಮಾನಿಸಿ, ಸುತ್ತನ್ನಲ್ಲ. ಯೋಕ್ ಕ್ಲ್ಯಾಂಪ್ ಸಡಿಲಿಸಬೇಡಿ. ಕುತ್ತಿಗೆಯ ಮೇಲಿನ ಉಂಗುರಗಳನ್ನು ತಿರುಗಿಸಬೇಡಿ. ಬಣ್ಣ ಕೂಡಿಸುವ ಆ ಹೊಂದಾಣಿಕೆ ಒಮ್ಮೆ ಕೆಟ್ಟರೆ ಮತ್ತೆ ತರಲು ಇಡೀ ಸಂಜೆ ಬೇಕು. ಯೋಕ್ ಪ್ಲಗ್ ತೆಗೆದಿಟ್ಟು ಮಾನಿಟರ್ ಆನ್ ಮಾಡಲೂ ಬೇಡಿ.

ಜೋಡಿಯೊಳಗೆ ಎರಡು ವೈರ್ ಅದಲುಬದಲಾದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ, ಅಥವಾ ತಲೆಕೆಳಗು ಆಗುತ್ತದೆ. ಹಾನಿ ಇಲ್ಲ. ಕನ್ನಡಿಯ ಮೂಲಕ ನೋಡುವ ಕ್ಯಾಬಿನೆಟ್‌ಗಳಲ್ಲಿ ಬೇಕೆಂದೇ ಹೀಗೆ ಮಾಡುತ್ತಿದ್ದರು.

ವಿಡಿಯೋ ವೈರ್‌ಗಳು

1985ರಿಂದೀಚೆಗಿನ ಬಹಳಷ್ಟು ಗೇಮ್ ಬೋರ್ಡ್‌ಗಳು ಜಾಮಾ ಎಂಬ ಜಪಾನಿನ ಪದ್ಧತಿಯವು. ಬೋರ್ಡ್ ಅಂಚಿನಲ್ಲಿ ಒಂದೊಂದು ಬದಿಗೆ 28ರಂತೆ 56 ಕಾಂಟ್ಯಾಕ್ಟ್. ಬಿಡಿಭಾಗಗಳಿರುವ ಬದಿಯಲ್ಲಿ 12 ಕೆಂಪು, 13 ನೀಲಿ, 14 ವಿಡಿಯೋ ಗ್ರೌಂಡ್. ಸೋಲ್ಡರ್ ಬದಿಯಲ್ಲಿ ಅದೇ 12ರ ಬೆನ್ನಿಗೆ ಹಸಿರು, 13ರ ಬೆನ್ನಿಗೆ ಸಿಂಕ್. ನಮಗೆ ಬೇಕಾದ್ದು ಈ ಐದೇ. ಅದಕ್ಕೂ ಹಳೆಯ ಬೋರ್ಡ್‌ಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಜೋಡಣೆ. ಅವಕ್ಕೆ ಆಯಾ ಬೋರ್ಡ್‌ನ ಚಾರ್ಟ್ ಬೇಕೇ ಬೇಕು.

ಅಂಚಿನ ಕಾಂಟ್ಯಾಕ್ಟ್‌ಗಳನ್ನು ಬಿಳಿ ರಬ್ಬರ್‌ನಿಂದ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ. ಸ್ಯಾಂಡ್‌ಪೇಪರ್ ಲೇಪನವನ್ನೇ ತೆಗೆದುಹಾಕುತ್ತದೆ. ಆಮೇಲೆ ಜಾಮಾ ಕನೆಕ್ಟರ್‌ನಿಂದ ಮಾನಿಟರ್ ಪ್ಲಗ್‌ವರೆಗೆ ಐದೂ ವೈರ್ ಒಂದೊಂದಾಗಿ ಬೀಪ್ ನೋಡಿ. ಬೀಪ್ ಬರುತ್ತಿರುವಾಗಲೇ ವೈರನ್ನು ಅಲ್ಲಾಡಿಸಿ. ಅಲ್ಲಾಡಿಸಿದಾಗ ಸದ್ದು ಕಡಿದರೆ ಒಳಗೆ ಎಳೆ ತುಂಡಾಗಿದೆ. ಪಕ್ಕದ ವೈರ್‌ಗೆ ಶಾರ್ಟ್ ಆಗಿಲ್ಲ ಅಂತಲೂ ಖಚಿತ ಮಾಡಿಕೊಳ್ಳಿ.

ಎಲ್ಲರೂ ಬಿಡುವುದು ವಿಡಿಯೋ ಗ್ರೌಂಡನ್ನೇ. ಅದಿಲ್ಲದೆಯೂ ಚಿತ್ರ ಬರುವುದುಂಟು, ಸಿಗ್ನಲ್ ಬೇರೆ ಯಾವುದೋ ಸುತ್ತು ದಾರಿಯಲ್ಲಿ ವಾಪಸ್ ಹೋಗುತ್ತದೆ. ಆದರೆ ಚಿತ್ರ ಮಸುಕು, ಅಂಚು ಬಾಗಿರುತ್ತದೆ, ಅಡ್ಡಪಟ್ಟಿ ತೇಲುತ್ತದೆ. ಕೆಪಾಸಿಟರ್ ಹೋಗಿದೆ ಅಂತ ಅವನ್ನೆಲ್ಲ ಬದಲಿಸಲು ಹೊರಡುವ ಮೊದಲು 14ನೇ ಪಿನ್ ನೋಡಿ.

ಜಾಮಾದಲ್ಲಿ ಸಿಂಕ್ ಒಂದೇ ವೈರ್. ಮಾನಿಟರ್‌ನಲ್ಲಿ ಹಾರಿಜಾಂಟಲ್, ವರ್ಟಿಕಲ್ ಸಿಂಕ್‌ಗೆ ಬೇರೆ ಬೇರೆ ಪಿನ್ ಇದ್ದರೆ ಒಂದೇ ವೈರನ್ನು ನೆಗೆಟಿವ್ ಸಿಂಕ್ ಪಿನ್‌ಗಳಿಗೆ ಹೇಗೆ ಕೊಡಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಇಲ್ಲಿ ಅಂದಾಜು ಬೇಡ, ಮ್ಯಾನ್ಯುಯಲ್ ಹುಡುಕಿ.

ಮೊದಲ ಸಲ ಆನ್ ಮಾಡುವುದು

ವಿಡಿಯೋ ಪ್ಲಗ್ ತೆಗೆದಿಡಿ. ಡಿಗಾಸ್ ಕಾಯಿಲ್ (ಪರದೆಗೆ ಹಿಡಿದ ಅಯಸ್ಕಾಂತತೆ ಕಳೆಯುವ ಸುತ್ತು) ಪ್ಲಗ್ ಕೂಡ ತೆಗೆದಿಡಿ, ಅದು ಆನ್ ಆದ ಕ್ಷಣ ಜಾಸ್ತಿ ಕರೆಂಟ್ ಎಳೆದು ದಾರಿ ತಪ್ಪಿಸುತ್ತದೆ. ಬೇಸ್ ಬೋರ್ಡ್, ಆನೋಡ್, ಯೋಕ್, ಹೆಣೆದ ತಂತಿ, ಎಲ್ಲ ಜಾಗದಲ್ಲಿವೆ ಅಂತ ಇನ್ನೊಮ್ಮೆ ನೋಡಿ. ಸೀರೀಸ್ ಲ್ಯಾಂಪ್‌ಗೆ ಜೋಡಿಸಿ, ದೂರದಿಂದ ಸ್ವಿಚ್ ಹಾಕಿ.

ಬಲ್ಬ್ ಒಮ್ಮೆ ಹೊಳೆದು ಮಂದವಾದರೆ ಶಾರ್ಟ್ ಇಲ್ಲ. ಪೂರ್ತಿ ಬೆಳಕಿನಲ್ಲೇ ನಿಂತರೆ ತಕ್ಷಣ ಆಫ್ ಮಾಡಿ. ರೆಕ್ಟಿಫೈಯರ್, ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ನಿಮ್ಮದೇ ಹೊಸ ವೈರಿಂಗ್‌ನಲ್ಲಿ ಶಾರ್ಟ್ ಇದೆ. ಸ್ವಿಚಿಂಗ್ ಸಪ್ಲೈ ಇರುವ ಮಾನಿಟರ್ ಬಲ್ಬ್ ಮೇಲೆ ಸರಿಯಾಗಿ ಶುರುವಾಗದೆ ಟಿಕ್ ಟಿಕ್ ಅನ್ನಬಹುದು. ಅದನ್ನೇ ಕೆಟ್ಟಿದೆ ಅಂತ ತಿಳಿಯಬೇಡಿ.

ಬಲ್ಬ್ ಪರೀಕ್ಷೆ ಸರಿಹೋದರೆ ಬಲ್ಬ್ ಬಿಟ್ಟು ನೇರ ಸಪ್ಲೈಗೆ ಬನ್ನಿ, ಟ್ರಾನ್ಸ್‌ಫಾರ್ಮರ್ ಮಾತ್ರ ಹಾಗೇ ಇರಲಿ. ಬೋರ್ಡ್ ಮೇಲೆ ಬಿ ಪ್ಲಸ್ (ಮಾನಿಟರ್‌ನ ಮುಖ್ಯ ಡಿಸಿ ಸಪ್ಲೈ) ಅಂತ ಗುರುತಿಸಿದ ಜಾಗದಲ್ಲಿ ಡಿಸಿ ಅಳೆಯಿರಿ. ಬಹಳಷ್ಟು ಮಾಡೆಲ್‌ಗಳಲ್ಲಿ 110ರಿಂದ 135 ವೋಲ್ಟ್ ಒಳಗೆ ಇರುತ್ತದೆ, ನಿಖರ ಸಂಖ್ಯೆ ಮ್ಯಾನ್ಯುಯಲ್‌ನಲ್ಲಿ. ಅದಕ್ಕಿಂತ ಜಾಸ್ತಿ ಬಂದರೆ ಓಡಿಸಬೇಡಿ. ಪ್ರೋಬ್‌ನ ಕಪ್ಪು ತುದಿಯನ್ನು ಮೊದಲೇ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಅಳೆಯಿರಿ. ಕುತ್ತಿಗೆಯ ತುದಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಬೆಳಕು ಕಂಡರೆ ಹೀಟರ್ ಚೆನ್ನಾಗಿದೆ. ಹೀಟರ್‌ಗೆ ಬರುವ 6.3 ವೋಲ್ಟನ್ನು ಸಾದಾ ಮೀಟರ್‌ನಲ್ಲಿ ಅಳೆದರೆ ತಪ್ಪು ಸಂಖ್ಯೆ ಬರುವುದು ಸಾಮಾನ್ಯ. ಅದು ಬರುವುದು ಎಲ್‌ಒಟಿಯಿಂದ, ಮೇನ್ಸ್ ಅಲೆಯ ರೂಪದಲ್ಲಿ ಅಲ್ಲ. ಕಣ್ಣೇ ಸಾಕು. ಆಮೇಲೆ ಆಫ್ ಮಾಡಿ ವಿಡಿಯೋ ಪ್ಲಗ್ ಹಾಕಿ. ಡಿಗಾಸ್ ಪ್ಲಗ್ ಮರೆಯಬೇಡಿ.

ಚಿತ್ರ ಏನು ಹೇಳುತ್ತದೆ

ಗೇಮ್‌ನ ಟೆಸ್ಟ್ ಸ್ವಿಚ್ ಒತ್ತಿದರೆ ಬಹಳಷ್ಟು ಬೋರ್ಡ್‌ಗಳು ಬಣ್ಣದ ಪಟ್ಟಿ, ಚೌಕಳಿ ತೋರಿಸುತ್ತವೆ. ಬಿಳಿ ಇರಬೇಕಾದಲ್ಲಿ ಹಳದಿ ಕಂಡರೆ ನೀಲಿ ಇಲ್ಲ. ರಾಣಿ ಬಣ್ಣ ಕಂಡರೆ ಹಸಿರು ಇಲ್ಲ. ತಿಳಿ ನೀಲಿ-ಹಸಿರು ಕಂಡರೆ ಕೆಂಪು ಇಲ್ಲ. ತಪ್ಪು ಯಾವ ಕಡೆ ಅಂತ ತಿಳಿಯಲು, ಆಫ್ ಮಾಡಿ, ಮಾನಿಟರ್ ಪ್ಲಗ್‌ನಲ್ಲಿ ಎರಡು ಬಣ್ಣದ ವೈರ್ ಅದಲುಬದಲು ಮಾಡಿ ನೋಡಿ. ನೀಲಿ ಇಲ್ಲದಾಗ ನೀಲಿ ಮತ್ತು ಹಸಿರು ಬದಲಿಸಿದಿರಿ ಅನ್ನಿ. ಈಗ ನೀಲಿ ಬಂದು ಹಸಿರು ಮಾಯವಾದರೆ ತೊಂದರೆ ವೈರ್ ಅಥವಾ ಗೇಮ್ ಬೋರ್ಡ್ ಕಡೆ. ಆಗಲೂ ನೀಲಿಯೇ ಇಲ್ಲದಿದ್ದರೆ ತೊಂದರೆ ಮಾನಿಟರ್ ಒಳಗೆ, ಬಹುಶಃ ಬೇಸ್ ಬೋರ್ಡ್‌ನಲ್ಲಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ.

ಚಿತ್ರ ಮೇಲೆ ಕೆಳಗೆ ಉರುಳುತ್ತಿದ್ದರೆ, ಓರೆಗೆರೆಗಳಾಗಿ ಹರಿದಿದ್ದರೆ ಸಿಂಕ್ ವೈರ್. ವೈರ್ ಸರಿ ಇದ್ದ ಮೇಲಷ್ಟೇ ಹೋಲ್ಡ್ ಪಾಟ್‌ಗಳನ್ನು (ಚಿತ್ರ ನಿಲ್ಲಿಸುವ ತಿರುಗಣೆಗಳು) ಮುಟ್ಟಿ. ನಡುವೆ ಒಂದೇ ಅಡ್ಡಗೆರೆ ಬಂದರೆ ವರ್ಟಿಕಲ್ ಕೆಲಸ ಮಾಡುತ್ತಿಲ್ಲ. ಕೂಡಲೇ ಬ್ರೈಟ್‌ನೆಸ್ ಇಳಿಸಿ ಆಫ್ ಮಾಡಿ, ಇಲ್ಲದಿದ್ದರೆ ಆ ಗೆರೆ ಪರದೆಯ ಮೇಲೆ ಶಾಶ್ವತವಾಗಿ ಸುಟ್ಟುಕೊಳ್ಳುತ್ತದೆ. ಯೋಕ್ ಪ್ಲಗ್ ನೋಡಿ, ಆಮೇಲೆ ವರ್ಟಿಕಲ್ ಐಸಿ. ಒಂದೇ ಲಂಬಗೆರೆ ಆದರೆ ಹಾರಿಜಾಂಟಲ್ ಯೋಕ್ ದಾರಿ ಕಡಿದಿದೆ. ಪರದೆ ಪೂರ್ತಿ ಬೆಳ್ಳಗೆ, ಓರೆಗೆರೆಗಳ ಸಮೇತ ಹೊಳೆಯುತ್ತಿದ್ದರೆ ಎಲ್‌ಒಟಿಯ ಸ್ಕ್ರೀನ್ ಪಾಟ್ (ಪರದೆಯ ಬೆಳಕಿನ ಮಟ್ಟದ ತಿರುಗಣೆ) ಯಾರೋ ತಿರುಗಿಸಿರಬಹುದು, ಅಥವಾ ಬೇಸ್ ಬೋರ್ಡ್‌ಗೆ ಹೋಗುವ ಸಪ್ಲೈ ವೈರ್ ಬಿಟ್ಟಿರಬಹುದು.

ಹಳೆ ಗೇಮ್‌ನ ನೆರಳು ಪರದೆಯ ಮೇಲೆ ಉಳಿದಿದ್ದರೆ ಅದು ಫಾಸ್ಫರ್ (ಪರದೆಯ ಒಳಮೈಯ ಹೊಳೆಯುವ ಲೇಪನ) ಸವೆದದ್ದು. ಯಾವ ವೈರಿಂಗೂ ಅದನ್ನು ಅಳಿಸುವುದಿಲ್ಲ.

ಚಿತ್ರ ಸರಿಬಂದ ಮೇಲೆ ಹಿಂಬಾಗಿಲು ತೆಗೆದಿಟ್ಟೇ ಒಂದು ಗಂಟೆ ಓಡಿಸಿ, ಪಕ್ಕದಲ್ಲೇ ಇರಿ. ಆಫ್ ಮಾಡಿ, ಪ್ಲಗ್ ಕಿತ್ತು, ಆನೋಡ್ ಮತ್ತು ಕೆಪಾಸಿಟರ್ ಎರಡನ್ನೂ ಮೊದಲಿನ ಹಾಗೇ ಇಳಿಸಿ. ಆಮೇಲೆ ನೀವು ಬದಲಿಸಿದ ಕನೆಕ್ಟರ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಯಾವುದಾದರೂ ಬಿಸಿ ಇದ್ದರೆ ಕ್ರಿಂಪ್ ಸರಿ ಕೂತಿಲ್ಲ. ವೈರ್‌ಗಳನ್ನು ಕೇಬಲ್ ಟೈ ಹಾಕಿ ಕಟ್ಟಿ, ಎಲ್‌ಒಟಿ ಮತ್ತು ಬಿಸಿ ಹೀಟ್‌ಸಿಂಕ್‌ನಿಂದ ದೂರ ಇಡಿ. ಯಾವ ಬಣ್ಣದ ವೈರ್ ಎಲ್ಲಿಗೆ ಅಂತ ಒಂದು ಚಾರ್ಟ್ ಬರೆದು ಹಿಂಬಾಗಿಲಿನ ಒಳಮೈಗೆ ಅಂಟಿಸಿ. ಟ್ರಾನ್ಸ್‌ಫಾರ್ಮರ್ ಮೇಲೆ "ತೆಗೆಯಬೇಡಿ" ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿಯೂ ಟ್ಯೂಬೇ ಹೋಗಿದೆ ಅಂತ ಖಾತ್ರಿಯಾದರೆ ಚಾಸಿ, ಎಲ್‌ಒಟಿ, ಯೋಕ್, ಬೇಸ್ ಬೋರ್ಡ್ ಎತ್ತಿಟ್ಟುಕೊಳ್ಳಿ. ಇನ್ನೊಂದು ಮಾನಿಟರ್‌ಗೆ ಬೇಕಾಗುತ್ತವೆ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ಹಾಗಾಗಿ ಖಾಲಿ ಸೈಟಿನಲ್ಲಿ ಎಸೆಯದೆ, ಕಸದ ಗಾಡಿಗೂ ಹಾಕದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಸಾಗಿಸುವಾಗ ಪರದೆ ಕೆಳಗೆ ಮಾಡಿ, ಹಳೆ ಕಂಬಳಿಯ ಮೇಲೆ ಮಲಗಿಸಿ.